ಗಿಟಾರ್, ಬ್ಯಾಗ್‌ಪೈಪ್, ಪಿಂಚಣಿ ಮೇಜು: ಗೋಣಿಕೊಪ್ಪದ ನಮ್ಮ ಬ್ಯಾಂಡಿನ ಅನುಭವ

ಗೋಣಿಕೊಪ್ಪದ ಸುತ್ತ ಎಲ್ಲಿ ಸ್ಪೀಕರ್ ಕಟ್ಟಿದರೂ ಎದುರಿಗೆ ಪಟ್ಟಾಳದಿಂದ ನಿವೃತ್ತರಾದವರು ಇದ್ದೇ ಇರುತ್ತಾರೆ. ಮದುವೆಯ ಸಂಜೆ ಇರಲಿ, ಬೇಸಿಗೆಯ ಕೌಟುಂಬಿಕ ಹಾಕಿ ಹಬ್ಬ ಇರಲಿ, ದಸರಾ ವೇದಿಕೆ ಇರಲಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ಹತ್ತಾರು ಜನರನ್ನು ವೇದಿಕೆಯಿಂದಲೇ ಗುರುತಿಸಬಹುದು. ಕೊಡಗು ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ. ಅವರಿಬ್ಬರ ಪ್ರತಿಮೆಗಳು ನಮ್ಮೂರಿನ ಕಾವೇರಿ ಕಾಲೇಜಿನ ಆವರಣದಲ್ಲೇ ಇವೆ. 2017ರ ನವೆಂಬರ್‌ನಲ್ಲಿ ಆಗಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್ ಬಂದು ಅನಾವರಣ ಮಾಡಿದ್ದರು. ಆದರೆ ನಮ್ಮ ಹಾಡು ಕೇಳಲು ಬರುವವರು ಹೆಚ್ಚಿನವರು ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ದುಡಿದು ಊರಿಗೆ ಮರಳಿದವರು. ಕೊಡವರು, ಅರೆಭಾಷೆಯ ಗೌಡರು, ಇನ್ನೂ ಹತ್ತು ಸಮುದಾಯದವರು. ಎಲ್ಲರೂ ವಯಸ್ಸಾದವರು ಅಂತಲೂ ತಿಳಿಯಬೇಡಿ. ಜವಾನನಿಗೆ ಪಿಂಚಣಿ ಬರಲು 15 ವರ್ಷ ಸೇವೆಯಾದರೆ ಸಾಕು. ಹತ್ತೊಂಬತ್ತಕ್ಕೆ ಸೇರಿದವನು ನಲವತ್ತು ತುಂಬುವ ಮೊದಲೇ ಮನೆಯಲ್ಲಿರುತ್ತಾನೆ, ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿರುತ್ತಾರೆ.

ನಮ್ಮದು ಐದು ಜನರ ರಾಕ್ ಬ್ಯಾಂಡ್. ನಾನು ಗಿಟಾರ್. ಜೊತೆಗೆ ಡ್ರಮ್ಸ್, ಬೇಸ್, ಕೀಬೋರ್ಡ್, ಹಾಡುಗಾರ್ತಿ. ಒಬ್ಬರಿಗೂ ಸಂಗೀತವೇ ಹೊಟ್ಟೆಪಾಡಲ್ಲ. ತೋಟ, ಮೆಕ್ಯಾನಿಕ್ ಶಾಪ್, ಶಾಲೆ, ಬ್ಯಾಂಕು ಅಂತ ಹಗಲೆಲ್ಲ ಚದುರಿಹೋಗಿ ಸಂಜೆ ಕೂಡುತ್ತೇವೆ. ಬೇಸ್ ನುಡಿಸುವವನ ತಂದೆ ಸೇನೆಯ ಯಂತ್ರ ದುರಸ್ತಿ ವಿಭಾಗವಾದ ಇಎಂಇಯಲ್ಲಿ ಹವಾಲ್ದಾರ್ ಆಗಿದ್ದವರು. ಹಾಡುಗಾರ್ತಿಯ ಅಜ್ಜ ಕೂರ್ಗ್ ಹೆಸರು ಹೊತ್ತ ಫಿರಂಗಿ ರೆಜಿಮೆಂಟಿನಲ್ಲಿದ್ದರು. ಹಾಗಾಗಿ ಮಾಜಿ ಸೈನಿಕರಿಗಾಗಿ ಏನಾದರೂ ಮಾಡಬೇಕು ಅಂತ ಯಾರೂ ಹೊರಗಿನಿಂದ ಬಂದು ನಮಗೆ ಹೇಳಬೇಕಿರಲಿಲ್ಲ. ಏನು ಮಾಡಬೇಕು ಅನ್ನುವುದು ತಿಳಿಯಲು ಮಾತ್ರ ಸಮಯ ಹಿಡಿಯಿತು.

ಮೊದಲು ಬ್ಯಾಂಡಿನ ಕಥೆ ಹೇಳುತ್ತೇನೆ. ಸಣ್ಣ ಊರಿನಲ್ಲಿ ಇದನ್ನು ಕಟ್ಟಲು ಹೊರಟ ಹುಡುಗರು ನನ್ನನ್ನು ಕೇಳುವುದು ಇದನ್ನೇ.

ನಮ್ಮ ಅಭ್ಯಾಸ ನಡೆಯುವುದು ಕಾಫಿ ಸ್ಟೋರಿನಲ್ಲಿ, ಅಂದರೆ ಕಾಫಿ ಮೂಟೆ ಒಟ್ಟುವ ಗೋದಾಮಿನಲ್ಲಿ. ಮಳೆಗಾಲದಲ್ಲಿ ಅದು ಖಾಲಿ. ದಪ್ಪ ಗೋಡೆ, ಅಕ್ಕಪಕ್ಕ ಮನೆಯಿಲ್ಲ. ಗೋಡೆಗೆ ಹಳೇ ಗೋಣಿಚೀಲಗಳನ್ನು ಎರಡು ಪದರ ನೇತುಹಾಕಿದರೆ ಸಿಂಬಲ್ ಎಂಬ ಡ್ರಮ್ಸ್ ತಟ್ಟೆಯ ಕಿರುಚು ತಗ್ಗುತ್ತದೆ. ಬೇಸ್‌ನ ಗುಂಯ್‌ಗುಡುವಿಕೆಗೆ ಅದರಿಂದ ಪ್ರಯೋಜನವಿಲ್ಲ, ತುಂಬಿದ ಮೂಟೆಗಳನ್ನೇ ಮೂಲೆಗೆ ಒಟ್ಟಬೇಕು. ಡಿಸೆಂಬರ್‌ನಲ್ಲಿ ಅರೇಬಿಕಾ ಬಂದು ಬೀಳಲು ಶುರುವಾದರೆ ಸ್ಟೋರು ನಮ್ಮದಲ್ಲ. ರೊಬಸ್ಟಾ ಮುಗಿಯುವವರೆಗೆ, ಅಂದರೆ ಮಾರ್ಚ್ ತನಕ, ಅವರಿವರ ಮನೆಯ ಜಗಲಿಯಲ್ಲಿ ಆಂಪ್ಲಿಫೈಯರ್ ಇಲ್ಲದೆ ಕೂರುತ್ತೇವೆ. ಹೊಸ ಹಾಡು ಬರೆಯುವ ಕೆಲಸವನ್ನೆಲ್ಲ ಆ ತಿಂಗಳುಗಳಿಗೆ ಇಟ್ಟುಕೊಂಡಿದ್ದೇವೆ.

ಮಳೆ ಇಲ್ಲಿ ಉಪಕರಣಗಳ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಿಟಾರ್ ತಂತಿ ಎರಡೇ ವಾರಕ್ಕೆ ತುಕ್ಕು ಹಿಡಿಯುತ್ತದೆ, ಸ್ಪೀಕರ್ ಕೋನಿಗೆ ಬೂಷ್ಟು ಬರುತ್ತದೆ. ಕೊಡಗಿನ ಮನೆಗಳಲ್ಲಿ ಬಟ್ಟೆಯ ಬೀರುವಿಗೆ ಬಲ್ಬು ಹಾಕಿ ಬೆಚ್ಚಗಿಡುವ ಪದ್ಧತಿ ಇದೆಯಲ್ಲ, ನಾವೂ ಹಾಗೇ ಮರದ ಪೆಟ್ಟಿಗೆಯೊಂದರಲ್ಲಿ 40 ವಾಟ್‌ನ ಬಲ್ಬು ಹಾಕಿ ಪೆಡಲ್, ಮೈಕು, ಕೇಬಲ್‌ಗಳನ್ನು ಅದರೊಳಗೆ ಇಡುತ್ತೇವೆ. ಗಿಟಾರನ್ನು ಮಾತ್ರ ಅದರಲ್ಲಿ ಇಡಬೇಡಿ, ಮರ ಬಾಗುತ್ತದೆ. ಅದಕ್ಕೆ ಮುಚ್ಚಿದ ಕೇಸು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹಾಲ್‌ಗೆ ಹೋದ ತಕ್ಷಣ ನಮ್ಮ ಮೊದಲ ಕೆಲಸ ಅರ್ಥಿಂಗ್ ಪರೀಕ್ಷೆ. ಒದ್ದೆ ನೆಲ, ಕೆಟ್ಟ ಅರ್ಥಿಂಗ್, ತುಟಿಗೆ ತಾಗುವ ಮೈಕು ಇವು ಮೂರೂ ಸೇರಿದರೆ ಹಾಡುವವರ ಪ್ರಾಣಕ್ಕೇ ಅಪಾಯ. ಇದರಲ್ಲಿ ದಾಕ್ಷಿಣ್ಯ ನೋಡಬಾರದು.

ಇನ್ನು ಮಾಜಿ ಸೈನಿಕರ ವಿಷಯಕ್ಕೆ ಬರುತ್ತೇನೆ.

ಇಂಥ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಸನ್ಮಾನ. ಶಾಲು, ಹಾರ, ಫಲಕ, ಫೋಟೋ. ವೇದಿಕೆಗೆ ಕರೆಯುವುದು ದೊಡ್ಡ ಹುದ್ದೆಯಲ್ಲಿದ್ದವರನ್ನು. ಹಿಂದಿನ ಸಾಲಿನ ಜವಾನ ಚಪ್ಪಾಳೆ ತಟ್ಟಿ ಬಸ್ಸು ಹಿಡಿಯುತ್ತಾನೆ. ಹಿರಿಯರಿಗೆ ಮರ್ಯಾದೆ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಜೆ ಮುಗಿದ ಮೇಲೆ ಅವರ ಮನೆಯಲ್ಲಿ ಏನಾದರೂ ಬದಲಾಗಿರಬೇಕು ಅನ್ನುವುದು ನಮ್ಮ ಆಸೆ. ಹಾಗಾಗಿ ನಮ್ಮ ಕಾರ್ಯಕ್ರಮದಲ್ಲಿ ಸನ್ಮಾನವಿಲ್ಲ, ಭಾಷಣವಿಲ್ಲ. ಬಾಗಿಲ ಪಕ್ಕ ಒಂದು ಉದ್ದ ಮೇಜು ಇರುತ್ತದೆ.

ಆ ಮೇಜಿನ ಯೋಚನೆ ಕೊಟ್ಟದ್ದು ಬೇಸ್ ನುಡಿಸುವವನ ತಾಯಿ. ಪಿಂಚಣಿ ಪಡೆಯುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಿಂದೆ ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಸಹಿ ಹಾಕಿ ಬಂದರೆ ಮುಗಿಯುತ್ತಿತ್ತು. ಈಗ ರಕ್ಷಣಾ ಪಿಂಚಣಿ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿದೆ. 2014ರ ನವೆಂಬರ್‌ನಲ್ಲಿ ಶುರುವಾದ 'ಜೀವನ್ ಪ್ರಮಾಣ್' ಮೂಲಕ ಆಧಾರ್ ಬಳಸಿ ಪ್ರಮಾಣಪತ್ರ ಸಲ್ಲಿಸಬಹುದು. ವ್ಯವಸ್ಥೆ ಒಳ್ಳೆಯದೇ. ಆದರೆ ಬಿರುನಾಣಿಯಿಂದಲೋ ಕುಟ್ಟದಿಂದಲೋ ಎಂಬತ್ತರ ಅಜ್ಜಿಯೊಬ್ಬಳು ಬಸ್ಸು ಹಿಡಿದು ಬಂದು, ಸೇವಾ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತು, ಬೆರಳಿಟ್ಟರೆ ಯಂತ್ರ ಅದನ್ನು ಒಪ್ಪುವುದಿಲ್ಲ. ಜೀವಮಾನವಿಡೀ ಕಾಫಿ ಕೊಯ್ದು, ಕರಿಮೆಣಸು ಬಿಡಿಸಿ ಸವೆದ ಬೆರಳು. ಗೆರೆಗಳು ಉಳಿದಿರುವುದಿಲ್ಲ. ಮತ್ತೆ ಬನ್ನಿ ಅನ್ನಿಸಿಕೊಂಡು ಹೋದವರು ಎಷ್ಟೋ ಜನ.

ಇದಕ್ಕೆ ಪರಿಹಾರ ನಮ್ಮ ಕಿಸೆಯಲ್ಲೇ ಇತ್ತು. 2021ರಿಂದ ಮುಖ ಗುರುತಿಸುವ ಆಪ್ ಬಂದಿದೆ. ಸಾಧಾರಣ ಆಂಡ್ರಾಯ್ಡ್ ಫೋನ್, ಇಂಟರ್ನೆಟ್, ಮುಖದ ಮೇಲೆ ಒಳ್ಳೆ ಬೆಳಕು, ಇಷ್ಟಿದ್ದರೆ ಆಯಿತು. ಫೋನ್ ಯಾರದ್ದಾದರೂ ಆಗಬಹುದು. ಬೆಳಕಿನ ವಿಷಯದಲ್ಲಂತೂ ಬ್ಯಾಂಡಿನವರಿಗೆ ಯಾರೂ ಕಲಿಸಬೇಕಿಲ್ಲ. ವೇದಿಕೆಗೆ ತಂದ ಎಲ್‌ಇಡಿ ದೀಪವೊಂದನ್ನು ಬಿಳಿ ಬಟ್ಟೆಯ ಹಿಂದೆ ನಿಲ್ಲಿಸಿ, ಎದುರಿಗೆ ಕುರ್ಚಿ ಹಾಕಿದೆವು. ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಮೊಬೈಲ್ ತನ್ನಿ ಅಂತ ಪೋಸ್ಟರ್‌ನಲ್ಲಿ ಹಾಡಿನ ಸಮಯಕ್ಕಿಂತ ದೊಡ್ಡದಾಗಿ ಬರೆದೆವು. ಕಣ್ಣು ಮಿಟುಕಿಸಿ ಅಂತ ಆಪ್ ಹೇಳುತ್ತದೆ. ಅಜ್ಜಿಗೆ ಅದನ್ನು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹೇಳುವವರು ಪಕ್ಕದಲ್ಲಿದ್ದರೆ ಕೆಲವೇ ನಿಮಿಷದ ಕೆಲಸ. ಅಲ್ಲಿಂದ ಎದ್ದು ಕಾಫಿ ಕುಡಿದು ಹಾಡು ಕೇಳಲು ಕೂರುತ್ತಾರೆ.

ಒಂದು ಎಚ್ಚರಿಕೆ. ಬೇರೆಯವರ ಆಧಾರ್, ಪಿಪಿಒ ನಂಬರುಗಳನ್ನು ನಾವು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಒಟಿಪಿ ಅವರ ಫೋನಿಗೇ ಬರಬೇಕು, ಅವರ ಮನೆಯವರೇ ಓದಿ ಹೇಳಬೇಕು. ಪಿಂಚಣಿದಾರರನ್ನು ಗುರಿಯಾಗಿಸಿಕೊಂಡ ಮೋಸದ ಕರೆಗಳು ಹೆಚ್ಚಿವೆ. ಜೀವಂತ ಪ್ರಮಾಣಪತ್ರದ ಹೆಸರಲ್ಲೇ ಕರೆ ಮಾಡಿ ಖಾತೆ ಖಾಲಿ ಮಾಡುವವರಿದ್ದಾರೆ. ಈ ಮಾತನ್ನು ಹಾಡುಗಳ ನಡುವೆ ಮೈಕಿನಲ್ಲಿ ಹೇಳುತ್ತೇವೆ. ನಾವು ಹೇಳುವ ಏಕೈಕ ಭಾಷಣ ಅದು.

ಮೇಜು ಶುರುವಾದ ಮೇಲೆ ಉಳಿದ ಕಷ್ಟಗಳೂ ಅಲ್ಲಿಗೆ ಬಂದು ಕೂತವು. ದೊಡ್ಡದು ಹೆಸರಿನ ತೊಡಕು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಸೇನೆಯ ದಾಖಲೆಯಲ್ಲಿ ಅದು ಒಂದೇ ಅಕ್ಷರವಾಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿಯಾಗಿ ಹಿಗ್ಗಿರುತ್ತದೆ. ಹೆಂಡತಿಯ ಹೆಸರು ಮದುವೆಗೆ ಮೊದಲಿನ ಮನೆತನದಲ್ಲೇ ಉಳಿದಿರುತ್ತದೆ. ಗಂಡ ಬದುಕಿರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಅವನು ತೀರಿಹೋಗಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ದಾಖಲೆಯಲ್ಲಿರುವ ಹೆಂಡತಿ ನೀವೇ ಅನ್ನುವುದಕ್ಕೆ ಪುರಾವೆ ಏನು ಅಂತ ಕೇಳುತ್ತಾರೆ. ನಿವೃತ್ತ ಸುಬೇದಾರರೊಬ್ಬರು, ಸೇವೆಯಲ್ಲಿದ್ದಷ್ಟು ಕಾಲವೂ ಕ್ಲರ್ಕ್ ಕೆಲಸವನ್ನೇ ಮಾಡಿದವರು, ನಮ್ಮ ಮೇಜಿಗೆ ಬಂದು ಕೂತರು. ಸೇನೆ ಬಿಡುವಾಗ ಕೊಡುವ ಡಿಸ್‌ಚಾರ್ಜ್ ಬುಕ್ ತೆರೆದು ಒಂದು ನೋಟದಲ್ಲೇ ತೊಡಕು ಎಲ್ಲಿದೆ ಅಂತ ತೋರಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಬದುಕಿರುವಾಗಲೇ ಸೇನೆಯ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಿ ಅಂತ ಒತ್ತಾಯಿಸುತ್ತಾರೆ. ಅವರಿಲ್ಲದಿದ್ದರೆ ಈ ಕೆಲಸ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ. ಬೇರೆ ಊರಿನವರು ಇದನ್ನು ಮಾಡುವುದಾದರೆ ಮೊದಲು ಇಂಥ ಒಬ್ಬರನ್ನು ಹುಡುಕಿ, ಗಿಟಾರ್ ವಾದಕ ಆಮೇಲೆ ಸಿಗುತ್ತಾನೆ.

ಪಿಂಚಣಿಯೇ ಇಲ್ಲದ ಮಾಜಿ ಸೈನಿಕರೂ ಇದ್ದಾರೆ ಅನ್ನುವುದು ಊರಲ್ಲಿ ಹಲವರಿಗೆ ತಿಳಿದಿಲ್ಲ. 15 ವರ್ಷ ತುಂಬುವ ಮೊದಲೇ ಸೇವೆ ಬಿಟ್ಟವರು, ಅವರ ವಿಧವೆಯರು. ಅಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಸಂಕಷ್ಟ ಅನುದಾನ ಸಿಗುತ್ತದೆ: 65 ದಾಟಿರಬೇಕು, ಹವಾಲ್ದಾರ್ ದರ್ಜೆಯೊಳಗಿರಬೇಕು, ಬೇರೆ ಆದಾಯ ಇರಬಾರದು. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರ್‌ನಿಂದ 8,000 ರೂಪಾಯಿ ಆಗಿದೆ. ಅರ್ಜಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗಬೇಕು. ಇವರು ಸಂಘದ ಸಭೆಗಳಿಗೆ ಬರುವುದಿಲ್ಲ, ಪಿಂಚಣಿ ಇಲ್ಲದ್ದಕ್ಕೆ ಸಂಕೋಚ. ಹಾಡಿಗೆ ಬರುತ್ತಾರೆ. ಹಾಡು ಕೇಳಲು ಕಾರ್ಡ್ ತೋರಿಸಬೇಕಾಗಿಲ್ಲ, ಯಾವ ಯೂನಿಟ್ ಅಂತ ಹೇಳಬೇಕಾಗಿಲ್ಲ. ಬ್ಯಾಂಡ್ ಇದ್ದದ್ದಕ್ಕೆ ನಿಜವಾದ ಪ್ರಯೋಜನ ಇದೇ ಅಂತ ನಾನು ನಂಬಿದ್ದೇನೆ. ಕಚೇರಿಗೆ ಬಾರದವರನ್ನು ಒಂದೆಡೆ ಸೇರಿಸುವ ಶಕ್ತಿ ಸಂಗೀತಕ್ಕಿದೆ.

ದುಡ್ಡಿನ ವಿಷಯ ಚಿಕ್ಕದು. ನಾವು ಹಣ ಸಂಗ್ರಹಿಸುವುದೇ ಇಲ್ಲ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸುತ್ತಾರೆ. ಕೊಡುವವರು ಆ ನಿಧಿಗೇ ನೇರವಾಗಿ ಕೊಡಲಿ ಅಂತ ಕ್ಯೂಆರ್ ಚೀಟಿ ಅಂಟಿಸುತ್ತೇವೆ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯ ತೆರಿಗೆ ವಿನಾಯಿತಿಯೂ ಸಿಗುತ್ತದೆ. ಡಬ್ಬಿ ಹಿಡಿದು ತಿರುಗುವುದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ನಮ್ಮ ಡೀಸೆಲ್, ಸೌಂಡ್ ಖರ್ಚು ಮದುವೆ ಕಾರ್ಯಕ್ರಮಗಳ ಸಂಭಾವನೆಯಿಂದ ಹೋಗುತ್ತದೆ.

ಇನ್ನು ಸಂಗೀತ. ಮಾಜಿ ಸೈನಿಕರು ಅಂದರೆ ದೇಶಭಕ್ತಿ ಗೀತೆಯೇ ಬೇಕು ಅಂತ ಆಯೋಜಕರು ಹೇಳುತ್ತಾರೆ. ನಮಗೆ ಬರುವ ಚೀಟಿಗಳಲ್ಲಿ ಇರುವುದು ಬೇರೆ. ಹಿರಿಯರು ಅರುವತ್ತರ ದಶಕದ ಹಿಂದಿ ಸಿನಿಮಾದ ಕುಣಿಯುವ ಹಾಡು ಕೇಳುತ್ತಾರೆ. ಮೆಸ್‌ನಲ್ಲಿ, ಬಂಕರಿನ ರೇಡಿಯೋದಲ್ಲಿ ಕೇಳಿದವು. ನಲವತ್ತರ ಆಸುಪಾಸಿನವರು ಜೋರು ರಾಕ್ ಕೇಳುತ್ತಾರೆ. ನಮ್ಮ ಸ್ವಂತದ ಹಾಡುಗಳಲ್ಲಿ ಎಲ್ಲರೂ ಕೇಳಿ ಪಡೆಯುವುದು ಮಿಲಿಟ್ರಿ ಟ್ರಂಕಿನ ಹಾಡು: ಕಪ್ಪು ಕಬ್ಬಿಣದ ಪೆಟ್ಟಿಗೆ, ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಈ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಅಂಥದ್ದೊಂದು ಇದೆ.

ಶಬ್ದದ ಬಗ್ಗೆ ನಾವು ಕಟ್ಟುನಿಟ್ಟು. ಫಿರಂಗಿ ದಳದಲ್ಲಿದ್ದವರ ಕಿವಿ ಹಲವು ಸಲ ಮೊದಲೇ ಪೆಟ್ಟು ತಿಂದಿರುತ್ತದೆ. ಮಾತು ಕೇಳಿಸುವುದಿಲ್ಲ, ಆದರೆ ಸಿಂಬಲ್‌ನಂಥ ಸದ್ದು ಸೂಜಿ ಚುಚ್ಚಿದಂತೆ ನೋಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಹೇಳಿದ ಮಿತಿ ಸರಾಸರಿ 100 ಡೆಸಿಬೆಲ್. ನಾವು ಮುಂದಿನ ಸಾಲಿನಲ್ಲಿ 90 ದಾಟದಂತೆ ನೋಡಿಕೊಳ್ಳುತ್ತೇವೆ. ಡ್ರಮ್ಸ್‌ಗೆ ದಪ್ಪ ಕೋಲಿನ ಬದಲು ಕಡ್ಡಿಕಟ್ಟಿನ ರಾಡ್ಸ್ ಬಳಸುತ್ತೇವೆ, ಹಾಡುವ ದನಿಯನ್ನು ವಾದ್ಯಗಳಿಗಿಂತ ಮೇಲಿಡುತ್ತೇವೆ. ಪಟಾಕಿ, ಕೋವಿಯ ಗಾಳಿಗುಂಡು, ಹೊಗೆ ಯಾವುದೂ ಇಲ್ಲ. ಕೊಡಗಿನ ಸಂಭ್ರಮದಲ್ಲಿ ಕೋವಿ ಇರುವುದು ಸಹಜ, ಆದರೆ ಗುಂಡಿನ ಸದ್ದಿಗೆ ಇನ್ನೂ ಬೆಚ್ಚುವವರು ಕುರ್ಚಿಯಲ್ಲಿ ಇದ್ದಾರೆ ಅನ್ನುವುದು ಅವರ ಹೆಂಡತಿಯರು ಹೇಳಿದ್ದರಿಂದ ನಮಗೆ ಗೊತ್ತು. ಪ್ರತಿ ಹಾಡನ್ನೂ ಕೋಲು ತಟ್ಟಿ ಎಣಿಸಿಯೇ ಶುರು ಮಾಡುತ್ತೇವೆ. ಪೋಸ್ಟರಿನ ಕೆಳಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಹಾಕುತ್ತೇವೆ. ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಬೇಕಾದವರು ನೋಡಿಕೊಳ್ಳುತ್ತಾರೆ.

ನಮ್ಮ ತಂಡಕ್ಕೆ ಬಂದ ದೊಡ್ಡ ಭಾಗ್ಯ ಒಬ್ಬ ನಿವೃತ್ತ ಪೈಪರ್, ಬ್ಯಾಗ್‌ಪೈಪ್ ಎಂಬ ಗಾಳಿಚೀಲದ ವಾದ್ಯ ನುಡಿಸುವವರು. ರೆಜಿಮೆಂಟಿನ ಪೈಪ್ ಬ್ಯಾಂಡಿನಲ್ಲಿದ್ದವರು, ಪಚ್ಮಢಿಯ ಸೇನಾ ಸಂಗೀತ ಶಾಲೆಯಲ್ಲಿ ಕಲಿತವರು. ಮೇಜಿಗೆ ಕಾಗದ ಹಿಡಿದು ಬಂದವರು ಸೌಂಡ್‌ಚೆಕ್ ನೋಡುತ್ತ ನಿಂತು, ನಾಳೆ ನನ್ನ ಪೈಪ್ ತರಲಾ ಅಂದರು.

ಬ್ಯಾಗ್‌ಪೈಪ್ ಜೊತೆ ರಾಕ್ ನುಡಿಸುವುದು ಸುಲಭವಲ್ಲ. ಅದರಲ್ಲಿ ಇರುವುದು ಒಂಬತ್ತೇ ಸ್ವರ. ಹರಿಕಾಂಭೋಜಿಯ ಸ್ವರಗಳು ಅನ್ನಬಹುದು. ಹಿಂದೆ ಡ್ರೋನ್ ಎಂಬ ಕೊಳವೆಗಳು ಶ್ರುತಿಪೆಟ್ಟಿಗೆಯಂತೆ ಎಡೆಬಿಡದೆ ಮೊಳಗುತ್ತಿರುತ್ತವೆ. ಮೆಲ್ಲಗೆ ನುಡಿಸುವುದು, ನಡುವೆ ನಿಲ್ಲಿಸುವುದು ಸಾಧ್ಯವೇ ಇಲ್ಲ. ಪೈಪಿನವರು 'ಎ' ಅನ್ನುವ ಸ್ವರ ನಮ್ಮ ಕಿವಿಗೆ ಬಿ-ಫ್ಲಾಟ್‌ಗಿಂತಲೂ ಕೊಂಚ ಮೇಲೆ ಬೀಳುತ್ತದೆ, 475 ಹರ್ಟ್ಸ್‌ನ ಹತ್ತಿರ. ಗಿಟಾರ್‌ಗೆ ಮೊದಲ ಫ್ರೆಟ್‌ನಲ್ಲಿ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ಟ್ಯೂನರಿನ ಮೂಲಸ್ವರವನ್ನು 440ರಿಂದ 448ಕ್ಕೆ ಏರಿಸಿದರೆ ಎರಡೂ ಕೂಡುತ್ತವೆ. ಕೀಬೋರ್ಡಿಗೂ ಅದೇ ಅಳತೆ. ಡ್ರೋನ್ ಇರುವುದರಿಂದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಮನಸ್ಸಿಗೆ ಬಂದಂತೆ ಬದಲಿಸಲಾಗದು. ನಾನು ಗಾಂಧಾರ ಬಿಟ್ಟು ಬರೀ ಪವರ್ ಕಾರ್ಡ್ ಹಿಡಿಯುತ್ತೇನೆ, ಡಿಸ್ಟಾರ್ಷನ್ (ಗಿಟಾರಿನ ಒರಟು ಸದ್ದು) ಅರ್ಧಕ್ಕೆ ಇಳಿಸುತ್ತೇನೆ. ಪೈಪಿಗೆ ಮೈಕು ಬೇಕಿಲ್ಲ. ಹಾಲಿನ ಹಿಂಬದಿಯಿಂದ ನಡೆದು ಬರಲಿ ಅಂತ ಬಿಡುತ್ತೇವೆ, ಅವರಿಗೂ ನಡೆಯುತ್ತ ನುಡಿಸಿಯೇ ರೂಢಿ. ಮಳೆಗಾಲದಲ್ಲಿ ಜೊಂಡಿನ ರೀಡ್ (ಗಾಳಿಗೆ ಕಂಪಿಸಿ ಸದ್ದು ಹೊರಡಿಸುವ ನಾಲಗೆ) ತೇವ ಕುಡಿದು ಮಂಕಾಗುತ್ತದೆ, ಡ್ರೋನ್‌ಗಳಿಗೆ ಪ್ಲಾಸ್ಟಿಕ್ ರೀಡ್ ಹಾಕಿದ ಮೇಲೆ ಸರಿಹೋಯಿತು.

ಆಗ ನಮಗೊಂದು ಸಂಗತಿ ಹೊಳೆಯಿತು. ಪೈಪ್ ಬ್ಯಾಂಡಿನ ಎಷ್ಟೋ ಮಾರ್ಚ್‌ಗಳು ಆರು ಮಾತ್ರೆಯ ನಡೆಯಲ್ಲಿವೆ. ನಮ್ಮ ಕೊಡವ ವಾಲಗದ ಕುಣಿತವೂ ಆರರ ನಡೆಯೇ. ಮದುವೆಗಳಲ್ಲಿ ನಮ್ಮ ಜೊತೆ ಸಿಗುವ ವಾಲಗದವರನ್ನು ಕೇಳಿದೆವು. ಕೊಂಬು, ಕೊಟ್ಟು ಎಂಬ ಚರ್ಮವಾದ್ಯ ಹಿಡಿದು ಬಂದರು. ಅವರಿಗೆ ಮದುವೆಗೆ ಸಿಗುವಷ್ಟೇ ಸಂಭಾವನೆ ಕೊಡುತ್ತೇವೆ, ಸೇವೆ ಅಂತ ಹೇಳಿ ಬಿಟ್ಟಿ ನುಡಿಸಿಕೊಳ್ಳುವುದು ನ್ಯಾಯವಲ್ಲ. ಪೈಪ್ ಮೇಲೆ, ಕೊಟ್ಟಿನ ಪೆಟ್ಟು ಕೆಳಗೆ, ನಡುವೆ ಬೇಸ್ ಗಿಟಾರ್. ಅದು ಶುರುವಾದರೆ ಮಂಡಿನೋವಿನ ಸುಬೇದಾರರೂ ಕೂರುವುದಿಲ್ಲ, ಕೈ ಮೇಲೆತ್ತಿ ಕುಣಿಯಲು ಬರುತ್ತಾರೆ. ದುಡಿ ಬಾರಿಸುತ್ತ ಹಾಡುವ ಸಾಂಪ್ರದಾಯಿಕ ದುಡಿಕೊಟ್ಟ್ ಪಾಟನ್ನು ಮಾತ್ರ ನಾವು ಮುಟ್ಟಿಲ್ಲ. ಅದಕ್ಕೆ ಅದರದೇ ಮನೆ, ಮಂದ್ (ಊರಿನವರು ಸೇರುವ ಬಯಲು), ಹಬ್ಬ ಇದೆ. ವಿದ್ಯುತ್ ಗಿಟಾರ್‌ಗೆ ಅಲ್ಲಿ ಕೆಲಸವಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಮಯದ ವಿಚಾರ ಹೇಳದೆ ಮುಗಿಸಲಾರೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ಕಾನೂನು ಎಲ್ಲ ಕಡೆ ಇದೆ. ಇಲ್ಲಿ ಅದಕ್ಕಿಂತ ಮೊದಲೇ ನಿಲ್ಲಿಸುವುದು ಆನೆಗಾಗಿ. ತಿತಿಮತಿ, ಬಾಳೆಲೆ, ಶ್ರೀಮಂಗಲ ಕಡೆಯ ತೋಟದ ದಾರಿಗಳಲ್ಲಿ ಕತ್ತಲಾದ ಮೇಲೆ ವಯಸ್ಸಾದವರನ್ನು ನಡೆಸಿ ಕಳಿಸುವಂತಿಲ್ಲ. ಹಾಗಾಗಿ ಮೇಜು ಮಧ್ಯಾಹ್ನ ಎರಡಕ್ಕೆ, ಹಾಡು ನಾಲ್ಕಕ್ಕೆ, ಆರೂವರೆಗೆ ಎಲ್ಲ ಬಂದ್. ಗೆಳೆಯರ ಜೀಪುಗಳು ದಿಕ್ಕಿಗೊಂದರಂತೆ ನಿಂತಿರುತ್ತವೆ, ಯಾರು ಯಾವ ಜೀಪು ಅನ್ನುವುದು ಮೇಜಿನಲ್ಲೇ ನಿರ್ಧಾರವಾಗುತ್ತದೆ. ರಾಕ್ ಕಾರ್ಯಕ್ರಮ ಹಗಲಲ್ಲಿ ಚೆನ್ನಾಗಿರುವುದಿಲ್ಲ ಅಂತ ಬೆಂಗಳೂರಿನ ಸ್ನೇಹಿತರು ಹೇಳುತ್ತಾರೆ. ಬಂದು ಒಮ್ಮೆ ನೋಡಲಿ.

ಜುಲೈ 26ರ ಕಾರ್ಗಿಲ್ ವಿಜಯ ದಿವಸ ಕಕ್ಕಡ ತಿಂಗಳಲ್ಲಿ ಬೀಳುತ್ತದೆ. ಆಗ ಮದುವೆ ಇಲ್ಲ, ಶುಭಕಾರ್ಯ ಇಲ್ಲ, ನಮಗೂ ಪುರುಸೊತ್ತು. ಮಳೆ ಮಾತ್ರ ಜಡಿಯುತ್ತಿರುತ್ತದೆ. ಜಿಂಕ್ ಶೀಟಿನ ಹಾಲ್ ಹಿಡಿದರೆ ಮಳೆಯ ಸದ್ದಿಗೆ ಹಾಡಿನ ಒಂದು ಅಕ್ಷರವೂ ಕೇಳುವುದಿಲ್ಲ, ಕಾಂಕ್ರೀಟ್ ಮಾಡಿನ ಹಾಲೇ ಬೇಕು. ಆ ದಿನ ಮಾತ್ರ ಸೆಟ್ ಚಿಕ್ಕದು, ಎರಡು ನಿಮಿಷದ ಮೌನದ ನಂತರ ಪೈಪ್ ಒಂದೇ. ಉಳಿದ ಹೊತ್ತು ಬಿಸಿ ಊಟ, ಮಾತು. ಕಾರ್ಗಿಲ್‌ನಲ್ಲಿದ್ದವರು ವರ್ಷದಲ್ಲಿ ಒಮ್ಮೆ ಒಬ್ಬರಿಗೊಬ್ಬರು ಸಿಗುತ್ತಾರೆ, ಅವರ ನಡುವೆ ನಾವು ಹೆಚ್ಚು ಸದ್ದು ಮಾಡಬಾರದು.

ಈ ಸಲದ ನವೆಂಬರ್‌ಗೆ ಎರಡು ಕೆಲಸ ಬಾಕಿ. ಕುಟ್ಟ ಕಡೆ ನೆಟ್‌ವರ್ಕ್ ಸಿಗುವ ಹಾಲ್ ಹುಡುಕಬೇಕು, ಇಂಟರ್ನೆಟ್ ಇಲ್ಲದೆ ಮುಖದ ಆಪ್ ನಡೆಯುವುದಿಲ್ಲ. ಎಂಬತ್ತು ದಾಟಿದವರು ಅಕ್ಟೋಬರ್‌ನಿಂದಲೇ ಪ್ರಮಾಣಪತ್ರ ಕೊಡಬಹುದು. ಹಾಸಿಗೆ ಹಿಡಿದವರ ಮನೆಗಳಿಗೆ ಮೊದಲೇ ಹೋಗಿ ಮುಗಿಸಿಬಿಡೋಣ ಅಂತ ಸುಬೇದಾರರು ಪಟ್ಟಿ ಹಾಕುತ್ತಿದ್ದಾರೆ. ಪೈಪರ್ ತಾನೂ ಬರುತ್ತೇನೆ ಅಂದಿದ್ದಾರೆ. ಜೀಪಿನಲ್ಲಿ ಒಂದು ಸೀಟು ಅವರಿಗೆ, ಒಂದು ಪೈಪಿಗೆ.